ಫ್ರಾಂಕ್‌ಫರ್ಟ್‌ನಲ್ಲಿ ಬೀದಿಯ ಸಮಸ್ಯೆ ಯಾರಿಗೆ ಹೇಳಬೇಕು? ಓರ್ಟ್ಸ್‌ಬೈರಾಟ್‌ಗೆ ಹೋಗುವುದು ಹೀಗೆ

ಫ್ರಾಂಕ್‌ಫರ್ಟ್‌ನಲ್ಲಿರುವ ಕನ್ನಡದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಮಗಳು ಶಾಲೆಗೆ ಹೋಗುವ ದಾರಿಯಲ್ಲಿ ಒಂದು ತಿರುವಿದೆ. ಮೂಲೆಯಲ್ಲೇ ಕಾರು ನಿಲ್ಲಿಸಿರ್ತಾರೆ, ಏನೂ ಕಾಣಲ್ಲ. ಯಾರಿಗೆ ಹೇಳೋದು?" ಕೆಲವರದ್ದು ಆಟದ ಮೈದಾನದ ಮುರಿದ ಜಾರುಬಂಡೆ. ಕೆಲವರಿಗೆ ಬಸ್ ಸ್ಟಾಪಿನಲ್ಲಿ ವಯಸ್ಸಾದ ಅಪ್ಪ-ಅಮ್ಮ ಕೂರಲು ಬೆಂಚು ಬೇಕು. ಪೊಲೀಸರಿಗೆ ಫೋನ್ ಮಾಡಿ, ನಗರದ ಸಾಮಾನ್ಯ ವಿಳಾಸಕ್ಕೆ ಮೇಲ್ ಹಾಕಿ, ಉತ್ತರ ಬರದೆ ಸುಮ್ಮನಾದವರು ಜಾಸ್ತಿ.

ಇಂಥ ವಿಷಯಕ್ಕೆಂದೇ ಒಂದು ಜಾಗ ಇದೆ. ಅದರ ಹೆಸರು ಓರ್ಟ್ಸ್‌ಬೈರಾಟ್. ಅಲ್ಲಿಗೆ ಹೋಗಲು ಜರ್ಮನ್ ಪೌರತ್ವ ಬೇಕಿಲ್ಲ, ವಕೀಲರು ಬೇಕಿಲ್ಲ, ಶುಲ್ಕವಿಲ್ಲ. ಆದರೆ ಹೇಗೆ ಹೋಗಬೇಕು ಅನ್ನೋದು ಗೊತ್ತಿರಬೇಕು. ತಯಾರಿಯಿಲ್ಲದೆ ಹೋದರೆ ನಿಮ್ಮ ಮಾತು ಆ ಸಂಜೆಗೇ ಮುಗಿಯುತ್ತದೆ. ತಯಾರಾಗಿ ಹೋದರೆ ಅದು ನಂಬರ್ ಇರುವ ಕಾಗದವಾಗುತ್ತದೆ, ನಗರಾಡಳಿತ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಮೊದಲು: ಇದು ಏನು, ಏನಲ್ಲ

ಫ್ರಾಂಕ್‌ಫರ್ಟ್ ನಗರವನ್ನು 16 ಓರ್ಟ್ಸ್‌ಬೆತ್ಸಿರ್ಕ್‌ಗಳಾಗಿ ಹಂಚಿದ್ದಾರೆ. ಓರ್ಟ್ಸ್‌ಬೆತ್ಸಿರ್ಕ್ ಅಂದರೆ ನಗರದೊಳಗಿನ ಒಂದು ಆಡಳಿತ ವಲಯ. ಪ್ರತಿ ವಲಯಕ್ಕೂ ಒಂದು ಓರ್ಟ್ಸ್‌ಬೈರಾಟ್, ಅಂದರೆ ಸ್ಥಳೀಯ ಸಲಹಾ ಮಂಡಳಿ. ಐದು ವರ್ಷಕ್ಕೊಮ್ಮೆ, ನಗರಸಭೆ ಚುನಾವಣೆಯ ದಿನವೇ, ಆ ವಲಯದ ಮತದಾರರು ಇದರ ಸದಸ್ಯರನ್ನು ಆರಿಸುತ್ತಾರೆ. ಹೆಸ್ಸೆನ್ ರಾಜ್ಯದ ಪುರಸಭೆ ಕಾನೂನಿನ ಪ್ರಕಾರ ಒಂದು ಮಂಡಳಿಯಲ್ಲಿ 3ರಿಂದ 9 ಸದಸ್ಯರಿರಬಹುದು. 8,000ಕ್ಕಿಂತ ಹೆಚ್ಚು ಜನ ಇರುವ ವಲಯದಲ್ಲಿ 19ರವರೆಗೂ ಹೋಗಬಹುದು. ಎಲ್ಲರೂ ಬೇರೆ ಕೆಲಸ ಮಾಡಿಕೊಂಡು, ಸಂಜೆ ಹೊತ್ತು ಇದಕ್ಕೆ ಸಮಯ ಕೊಡುವವರು. ಅಧ್ಯಕ್ಷರನ್ನು ಓರ್ಟ್ಸ್‌ಫೋರ್‌ಶ್ಟೇಹರ್ ಎನ್ನುತ್ತಾರೆ, ಮಹಿಳೆಯಾದರೆ ಓರ್ಟ್ಸ್‌ಫೋರ್‌ಶ್ಟೇಹರಿನ್.

ಒಂದು ವಿಷಯ ಮೊದಲೇ ಸ್ಪಷ್ಟ ಇರಲಿ. ಇದು ಸಲಹಾ ಮಂಡಳಿ. ಇಂಜಿನಿಯರ್‌ಗೆ ಆದೇಶ ಕೊಟ್ಟು ನಾಳೆಯೇ ಕೆಲಸ ಮಾಡಿಸುವ ಅಧಿಕಾರ ಇದಕ್ಕಿಲ್ಲ. ನಮ್ಮೂರಿನ ಕಾರ್ಪೊರೇಟರ್ ಹತ್ತಿರ ಹೋದ ಹಾಗೆ ಹೋದರೆ ನಿರಾಸೆಯಾಗುತ್ತದೆ. ಹಾಗಂತ ಇದು ಬರೀ ಮಾತಿನ ಮನೆಯೂ ಅಲ್ಲ. ವಲಯಕ್ಕೆ ಸಂಬಂಧಿಸಿದ ಮುಖ್ಯ ವಿಷಯಗಳಲ್ಲಿ, ವಿಶೇಷವಾಗಿ ಬಜೆಟ್ ಕರಡಿನ ಬಗ್ಗೆ, ನಗರ ಇದರ ಅಭಿಪ್ರಾಯ ಕೇಳಲೇಬೇಕು ಎಂದು ಕಾನೂನು ಹೇಳುತ್ತದೆ. ಪ್ರಸ್ತಾಪ ಮುಂದಿಡುವ ಹಕ್ಕೂ ಇದೆ. ಸಣ್ಣಪುಟ್ಟ ಕೆಲಸಕ್ಕೆ ತನ್ನದೇ ಒಂದಿಷ್ಟು ಹಣವೂ ಇದೆ. ಬೆಂಚು, ಸೈಕಲ್ ಕಟ್ಟುವ ಕಂಬಿ, ಕಾರು ಹತ್ತದಂತೆ ತಡೆಯುವ ಗೂಟ, ಇಂಥವು ಎಷ್ಟೋ ಸಲ ಈ ಹಣದಿಂದಲೇ ಬರುತ್ತವೆ.

ಮುಂದೆ ಬರುವ ಎರಡು ಹೆಸರು ನೆನಪಿಟ್ಟುಕೊಳ್ಳಿ. ಮಾಗಿಸ್ಟ್ರಾಟ್ ಅಂದರೆ ಮೇಯರ್ ಮತ್ತು ಇಲಾಖಾ ಮುಖ್ಯಸ್ಥರು ಸೇರಿದ ನಗರಾಡಳಿತ. ಕೆಲಸ ಮಾಡುವವರು ಇವರು. ನಗರಸಭೆ ಅಂದರೆ 93 ಸದಸ್ಯರು ರೋಮರ್ ಕಟ್ಟಡದಲ್ಲಿ ಸೇರುವ ದೊಡ್ಡ ಸಭೆ. ಓರ್ಟ್ಸ್‌ಬೈರಾಟ್ ಮಾತಾಡುವುದು ಹೆಚ್ಚಾಗಿ ಮಾಗಿಸ್ಟ್ರಾಟ್ ಜೊತೆ.

ಹಂತ 1: ನಿಮ್ಮ ವಲಯ ಯಾವುದು ಎಂದು ಖಚಿತ ಮಾಡಿಕೊಳ್ಳಿ

ಸುಲಭ ಅನಿಸುತ್ತದೆ ಅಲ್ವಾ? ಆದರೆ ಜನ ಎಡವುವುದು ಇಲ್ಲೇ. ನಾವು ದಿನಾ ಬಾಯಲ್ಲಿ ಹೇಳುವ ಬಡಾವಣೆಯ ಹೆಸರು ಬೇರೆ, ಓರ್ಟ್ಸ್‌ಬೆತ್ಸಿರ್ಕ್ ಬೇರೆ. ನಗರದಲ್ಲಿ 46 ಬಡಾವಣೆಗಳಿವೆ, ವಲಯಗಳು ಬರೀ 16. ನಾರ್ಡೆಂಡ್‌ನಲ್ಲಿರುವವರಿಗೆ ವಲಯ 3. ಬೊಕೆನ್‌ಹೈಮ್ ಮತ್ತು ವೆಸ್ಟೆಂಡ್ ಸೇರಿ ವಲಯ 2. ಬೋರ್ನ್‌ಹೈಮ್ ಮತ್ತು ಓಸ್ಟೆಂಡ್ ವಲಯ 4. ನೀಡರ್‌ರಾಡ್, ಓಬರ್‌ರಾಡ್, ಜಾಕ್ಸೆನ್‌ಹೌಸೆನ್ ವಲಯ 5. ಹೋಕ್ಸ್ಟ್, ಗ್ರೀಸ್‌ಹೈಮ್, ನೀಡ್, ಜೊಸೆನ್‌ಹೈಮ್ ಮುಂತಾದ ಪಶ್ಚಿಮದ ಬಡಾವಣೆಗಳೆಲ್ಲ ವಲಯ 6. ಕಾಲ್ಬಾಖ್-ರೀಡ್‌ಬೆರ್ಗ್ ತಾನೊಂದೇ ವಲಯ 12. ಬೆರ್ಗೆನ್-ಎಂಕ್‌ಹೈಮ್ ವಲಯ 16.

ನೀವು ಎಲ್ಲಿ ವಾಸ ಮಾಡುತ್ತೀರಿ ಅನ್ನೋದಕ್ಕಿಂತ ಸಮಸ್ಯೆ ಎಲ್ಲಿದೆ ಅನ್ನೋದು ಮುಖ್ಯ. ಎಶರ್ಸ್‌ಹೈಮರ್ ಲಾಂಡ್‌ಶ್ಟ್ರಾಸೆ ತರಹದ ಉದ್ದ ರಸ್ತೆ ನೋಡಿ. ಶುರುವಿನಲ್ಲಿ ಒಂದು ಬದಿ ವೆಸ್ಟೆಂಡ್, ಇನ್ನೊಂದು ಬದಿ ನಾರ್ಡೆಂಡ್. ಮುಂದೆ ಹೋದರೆ ಡೋರ್ನ್‌ಬುಶ್, ಅದು ವಲಯ 9. ರಸ್ತೆ ಒಂದೇ, ಮಂಡಳಿ ಮೂರು. ಆದ್ದರಿಂದ ಹತ್ತಿರದ ಮನೆಯ ನಂಬರ್ ಬರೆದುಕೊಳ್ಳಿ. ನಗರದ ಅಧಿಕೃತ ತಾಣದಲ್ಲಿ ರಸ್ತೆಯ ಹೆಸರು ಹಾಕಿದರೆ ಯಾವ ವಲಯ ಎಂದು ಸಿಗುತ್ತದೆ.

ಹಂತ 2: ಇದು ಅವರ ಕೈಯಲ್ಲಿರುವ ವಿಷಯವೇ ನೋಡಿ

ರಸ್ತೆ, ಫುಟ್‌ಪಾತ್, ದಾಟುವ ಜಾಗ, ಪಾರ್ಕಿಂಗ್, ಮರ, ಪಾರ್ಕು, ಆಟದ ಮೈದಾನ, ಬೆಂಚು, ಬೀದಿದೀಪ, ಕಸದ ತೊಟ್ಟಿ, ನಗರದ ಶಿಶುವಿಹಾರ, ಶಾಲಾ ಕಟ್ಟಡ. ಇವೆಲ್ಲ ಸರಿಯಾದ ವಿಷಯಗಳು. ಬೀದಿಗೆ, ಚೌಕಕ್ಕೆ ಹೆಸರಿಡುವ ವಿಚಾರವೂ ಇಲ್ಲಿಗೇ ಬರುತ್ತದೆ.

ವೀಸಾ ತಡವಾಗಿದೆ, ಮನೆ ಮಾಲೀಕರು ಡೆಪಾಸಿಟ್ ಕೊಡುತ್ತಿಲ್ಲ, ಮೇಲಿನ ಮನೆಯವರು ಗಲಾಟೆ ಮಾಡುತ್ತಾರೆ. ಇವನ್ನು ಅಲ್ಲಿಗೆ ಒಯ್ಯಬೇಡಿ. ನಿಮ್ಮ ಕಷ್ಟ ನಿಜ, ಆದರೆ ಮಂಡಳಿ ಇದರಲ್ಲಿ ಏನೂ ಮಾಡಲಾರದು. ಶಾಲೆಯ ವಿಷಯದಲ್ಲಿ ಒಂದು ಗೆರೆ ಇದೆ. ಕಟ್ಟಡ, ಅಂಗಳ, ಶೌಚಾಲಯ ನಗರದ್ದು. ಶಿಕ್ಷಕರು ಮತ್ತು ಪಾಠ ಹೆಸ್ಸೆನ್ ರಾಜ್ಯದ್ದು. "ಟೀಚರ್ ಕಡಿಮೆ ಇದ್ದಾರೆ" ಎಂದು ಓರ್ಟ್ಸ್‌ಬೈರಾಟ್‌ನಲ್ಲಿ ಹೇಳಿದರೆ ಎಲ್ಲರೂ ತಲೆ ಅಲ್ಲಾಡಿಸುತ್ತಾರೆ, ಅಷ್ಟೇ. ಪೊಲೀಸ್ ಕೂಡ ರಾಜ್ಯದ್ದು.

ಇನ್ನೊಂದು ಬಗೆ ಇದೆ: ಬರೀ ರಿಪೇರಿ. ದೀಪ ಉರಿಯುತ್ತಿಲ್ಲ, ರಸ್ತೆಯಲ್ಲಿ ಗುಂಡಿ ಬಿದ್ದಿದೆ, ಯಾರೋ ಹಳೇ ಸೋಫಾ ಎಸೆದು ಹೋಗಿದ್ದಾರೆ. ಇದಕ್ಕೆ ಸಭೆಯವರೆಗೆ ಕಾಯಬೇಡಿ. ನಗರದ ಮೆಂಗೆಲ್‌ಮೆಲ್ಡರ್ ಇದೆ, ಅಂದರೆ ಕೆಟ್ಟದ್ದನ್ನು ತಿಳಿಸುವ ಆನ್‌ಲೈನ್ ಸೇವೆ. ನಕ್ಷೆಯಲ್ಲಿ ಜಾಗ ಗುರುತು ಮಾಡಿ, ಫೋಟೋ ಹಾಕಿ, ಕಳಿಸಿ. ಇದ್ದದ್ದು ಕೆಟ್ಟಿದ್ದರೆ ಮೆಂಗೆಲ್‌ಮೆಲ್ಡರ್, ಇಲ್ಲದ್ದು ಬೇಕಿದ್ದರೆ ಅಥವಾ ಇರುವುದನ್ನು ಬದಲಿಸಬೇಕಿದ್ದರೆ ಓರ್ಟ್ಸ್‌ಬೈರಾಟ್. ಒಂದೇ ಕಡೆ ಮೂರು ಸಲ ವರದಿ ಮಾಡಿದರೂ ಮತ್ತೆ ಮತ್ತೆ ಕೆಡುತ್ತಿದ್ದರೆ, ಆಗ ಅದು ಓರ್ಟ್ಸ್‌ಬೈರಾಟ್ ವಿಷಯವಾಗುತ್ತದೆ. ಆ ಮೂರು ವರದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಹಂತ 3: ಪಾರ್ಲಿಸ್‌ನಲ್ಲಿ ಹುಡುಕಿ

ಪಾರ್ಲಿಸ್ ಅಂದರೆ ಫ್ರಾಂಕ್‌ಫರ್ಟ್ ನಗರಸಭೆಯ ಮತ್ತು ಎಲ್ಲ ಓರ್ಟ್ಸ್‌ಬೈರಾಟ್‌ಗಳ ಕಾಗದಪತ್ರದ ಆನ್‌ಲೈನ್ ಭಂಡಾರ. ಎಲ್ಲರಿಗೂ ತೆರೆದಿದೆ, ಲಾಗಿನ್ ಬೇಡ. ಈ ಹಂತವನ್ನು ಬಹಳ ಜನ ಬಿಡುತ್ತಾರೆ. ನನ್ನ ಕೇಳಿದರೆ ಇದೇ ಎಲ್ಲಕ್ಕಿಂತ ದೊಡ್ಡ ಸಹಾಯ.

ನಿಮ್ಮ ಬೀದಿಯ ಹೆಸರು ಹಾಕಿ ಹುಡುಕಿ. ಮೂರರಲ್ಲಿ ಒಂದು ಸಿಗುತ್ತದೆ.

ಒಂದು, ಇದೇ ವಿಷಯವನ್ನು ಮೊದಲೇ ಯಾರೋ ಎತ್ತಿದ್ದಾರೆ, ನಗರ ಒಪ್ಪಿದೆ, ಆದರೆ ಕೆಲಸ ಆಗಿಲ್ಲ. ಆಗ ನೀವು ಹೊಸದಾಗಿ ಬೇಡುವುದು ಬೇಕಿಲ್ಲ. ಆ ಕಾಗದದ ನಂಬರ್ ಹೇಳಿ "ಇದು ಎಲ್ಲಿಗೆ ಬಂತು?" ಎಂದು ಕೇಳಿದರೆ ಸಾಕು. ಎರಡು, ನಗರ ಇಲ್ಲ ಎಂದಿದೆ. ಆ ಕಾರಣವನ್ನು ಚೆನ್ನಾಗಿ ಓದಿ. ಏಳು ವರ್ಷದ ಹಿಂದೆ ಇಲ್ಲಿ ಶಾಲೆ ಇರಲಿಲ್ಲ, ಈಗ ಇದೆ ಎಂದಾದರೆ ಆ ಹಳೇ ಕಾರಣ ಬಿದ್ದುಹೋಯಿತು, ಅದನ್ನೇ ಹೇಳಿ. ಮೂರು, ಏನೂ ಸಿಗಲಿಲ್ಲ. ಹಾಗಾದರೆ ಮೊದಲ ಹೆಜ್ಜೆ ನಿಮ್ಮದೇ.

ಪಾರ್ಲಿಸ್ ಓದುವಾಗ ಕಣ್ಣಿಗೆ ಬೀಳುವ ಅಕ್ಷರಗಳ ಅರ್ಥ ಇಷ್ಟು:

- ಓಎಫ್: ಓರ್ಟ್ಸ್‌ಬೈರಾಟ್ ಸದಸ್ಯರು ಸಭೆಗೆ ತಂದ ಪ್ರಸ್ತಾಪ. ಇನ್ನೂ ಮತಕ್ಕೆ ಹಾಕಿರುವುದಿಲ್ಲ.
- ಓಎಂ: ಸಭೆ ಒಪ್ಪಿ ಮಾಗಿಸ್ಟ್ರಾಟ್‌ಗೆ ಕಳಿಸಿದ ಸಲಹೆ. ಜರ್ಮನ್‌ನಲ್ಲಿ ಆನ್‌ರೇಗುಂಗ್.
- ಓಎ: ನಗರಸಭೆಯೇ ತೀರ್ಮಾನಿಸಲಿ ಎಂದು ಕಳಿಸಿದ ಸಲಹೆ.
- ಫೌ (ಇಂಗ್ಲಿಷ್‌ನ ವಿ ಅಕ್ಷರ): ಮಾಹಿತಿ ಕೇಳುವ ಪತ್ರ. "ಇಲ್ಲಿ ಏನು ಯೋಜನೆ ಇದೆ, ಯಾವಾಗ?" ಎಂದು ಕೇಳುವಂಥದ್ದು.
- ಎಸ್‌ಟಿ: ಮಾಗಿಸ್ಟ್ರಾಟ್ ಕೊಟ್ಟ ಉತ್ತರ. ಜರ್ಮನ್‌ನಲ್ಲಿ ಶ್ಟೆಲ್ಲುಂಗ್‌ನಾಮೆ.

ನಿಮ್ಮ ವಿಷಯ ಓಎಫ್‌ನಿಂದ ಓಎಂ ಆಗಿ, ಕೊನೆಗೆ ಎಸ್‌ಟಿ ಬರಬೇಕು. ಇಷ್ಟು ತಿಳಿದಿದ್ದರೆ ಎಲ್ಲಿ ನಿಂತಿದೆ ಎಂದು ಮನೆಯಲ್ಲೇ ಕೂತು ನೋಡಬಹುದು.

ಹಂತ 4: ಒಂದೇ ಜಾಗ, ಒಂದೇ ಬೇಡಿಕೆ

"ನಮ್ಮ ಏರಿಯಾದಲ್ಲಿ ಟ್ರಾಫಿಕ್ ಜಾಸ್ತಿ, ಮಕ್ಕಳಿಗೆ ಸುರಕ್ಷತೆ ಇಲ್ಲ." ಈ ಮಾತಿಗೆ ಎಲ್ಲರೂ ಹೌದು ಅನ್ನುತ್ತಾರೆ, ಯಾರೂ ಏನೂ ಮಾಡಲಾರರು. ಏನು ಮಾಡಬೇಕು ಎಂಬುದು ಅದರಲ್ಲಿ ಇಲ್ಲವಲ್ಲ.

ಮೊದಲಿಗೆ ಹೇಳಿದ ಆ ತಿರುವನ್ನೇ ತೆಗೆದುಕೊಳ್ಳೋಣ. ಜರ್ಮನ್ ರಸ್ತೆ ಸಂಚಾರ ನಿಯಮದಲ್ಲಿ ಕೂಡುರಸ್ತೆಯ ಮೂಲೆಯಿಂದ 5 ಮೀಟರ್ ಒಳಗೆ ವಾಹನ ನಿಲ್ಲಿಸುವಂತಿಲ್ಲ. ಬಲಗಡೆ ರಸ್ತೆಯ ಪಕ್ಕ ಸೈಕಲ್ ಹಾದಿ ಇದ್ದರೆ ಅದು 8 ಮೀಟರ್. ಅಂದರೆ ಮೂಲೆಯಲ್ಲಿ ನಿಂತ ಕಾರು ಈಗಾಗಲೇ ನಿಯಮ ಮುರಿದು ನಿಂತಿದೆ. ನೀವು ಹೊಸ ನಿಯಮ ಕೇಳುತ್ತಿಲ್ಲ, ಇರುವ ನಿಯಮ ಕೆಲಸ ಮಾಡಲಿ ಎನ್ನುತ್ತಿದ್ದೀರಿ. ಹಾಗಾಗಿ ಬೇಡಿಕೆ ಹೀಗಿರಲಿ: "ಇಂಥ ಬೀದಿ ಇಂಥ ಬೀದಿ ಕೂಡುವಲ್ಲಿ, ಈ ಮೂಲೆಯ 5 ಮೀಟರ್ ಜಾಗದಲ್ಲಿ ಸೈಕಲ್ ಕಂಬಿ ಅಥವಾ ಗೂಟ ಹಾಕಿ." ಸೈಕಲ್ ಕಂಬಿಗೆ ಫಾರ್‌ರಾಡ್‌ಬ್ಯೂಗೆಲ್, ಗೂಟಕ್ಕೆ ಪೊಲ್ಲರ್ ಎನ್ನುತ್ತಾರೆ. ಈ ಎರಡು ಪದ ಕಲಿತರೆ ಅರ್ಧ ಕೆಲಸ ಆದಂತೆ. ಸೈಕಲ್ ನಿಲ್ಲಿಸಲು ಜಾಗವೂ ಆಯಿತು, ಮಗುವಿಗೆ ರಸ್ತೆಯೂ ಕಂಡಿತು. ಇಂಥ ಬೇಡಿಕೆಗೆ ಬೇರೆ ಬೇರೆ ಪಕ್ಷದವರೂ ಸೇರಿ ಕೈ ಎತ್ತುವುದು ಸುಲಭ.

ವೇಗ ಕಡಿಮೆ ಮಾಡಿಸುವುದು ಇದಕ್ಕಿಂತ ಕಷ್ಟದ ಕೆಲಸ. ಮುಖ್ಯರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಮಿತಿ ಹಾಕಬೇಕಾದರೆ ದೇಶದ ಸಂಚಾರ ನಿಯಮ ಒಪ್ಪಬೇಕು. 2024ರ ಅಕ್ಟೋಬರ್‌ನಲ್ಲಿ ಆ ನಿಯಮ ಸ್ವಲ್ಪ ಸಡಿಲವಾಯಿತು. ಆಟದ ಮೈದಾನದ ಬಳಿ, ಮಕ್ಕಳು ಹೆಚ್ಚಾಗಿ ಓಡಾಡುವ ಶಾಲೆಯ ದಾರಿಯಲ್ಲಿ, ಜೀಬ್ರಾ ಕ್ರಾಸಿಂಗ್ ಇರುವಲ್ಲಿ ಈಗ ಮೊದಲಿಗಿಂತ ಸುಲಭವಾಗಿ ಮಿತಿ ಹಾಕಬಹುದು. ನಿಮ್ಮ ರಸ್ತೆ ಇವುಗಳಲ್ಲಿ ಒಂದಾದರೆ ಆ ಮಾತನ್ನು ಬೇಡಿಕೆಯಲ್ಲೇ ಸೇರಿಸಿ. ಯಾಕೆಂದರೆ ಪಾರ್ಲಿಸ್‌ನಲ್ಲಿ ಕಾಣುವ ಹಳೇ ನಿರಾಕರಣೆಗಳೆಲ್ಲ ಹಳೇ ನಿಯಮದ ಮೇಲೆ ಬರೆದವು.

ಜೊತೆಗೆ ಸಾಕ್ಷ್ಯ ಬೇಕು. ನಾಲ್ಕೈದು ಫೋಟೋ, ಬೇರೆ ಬೇರೆ ದಿನದ್ದು, ದಿನಾಂಕ ಮತ್ತು ಹೊತ್ತು ಬರೆದಿದ್ದು. ಮಗುವಿನ ಎತ್ತರದಿಂದ ಒಂದು ಫೋಟೋ ತೆಗೆಯಿರಿ, ಅಂದರೆ ನೆಲದಿಂದ ಸುಮಾರು ಒಂದು ಮೀಟರ್ ಮೇಲಿನಿಂದ. ನಿಂತವರ ಕಣ್ಣಿಗೆ ಕಾಣುವ ರಸ್ತೆ ಆ ಎತ್ತರದಿಂದ ಕಾಣುವುದೇ ಇಲ್ಲ. ಇದನ್ನು ತೋರಿಸಿದರೆ ಮಾತೇ ಬೇಕಾಗುವುದಿಲ್ಲ. ಬೆಳಿಗ್ಗೆ 7.30ರಿಂದ 8ರವರೆಗೆ ನಿಂತು ಎಷ್ಟು ಮಕ್ಕಳು ದಾಟಿದರು ಎಂದು ಎರಡು ದಿನ ಎಣಿಸಿದರೆ ಇನ್ನೂ ಒಳ್ಳೆಯದು.

ಎಚ್ಚರಿಕೆ: ಫೋಟೋದಲ್ಲಿ ಕಾರಿನ ನಂಬರ್ ಪ್ಲೇಟ್, ಜನರ ಮುಖ ಕಾಣಿಸಬಾರದು. ಮಸುಕು ಮಾಡಿ. ಬೇರೆಯವರ ಮಕ್ಕಳ ಫೋಟೋ ಬೇಡವೇ ಬೇಡ. ಖಾಸಗಿ ಮಾಹಿತಿಯ ವಿಷಯದಲ್ಲಿ ಇಲ್ಲಿ ಜನ ತುಂಬಾ ಸೂಕ್ಷ್ಮ. ಆ ಒಂದು ತಪ್ಪಿನಿಂದ ಮಾತು ಬೇರೆ ಕಡೆ ತಿರುಗಿಬಿಡುತ್ತದೆ.

ಹಂತ 5: ಅರ್ಧ ಪುಟ ಬರೆಯಿರಿ, ಜರ್ಮನ್‌ನಲ್ಲಿ

ಅರ್ಧ ಪುಟ ಸಾಕು. ಮೇಲೆ ಜಾಗ. ಕೆಳಗೆ ಬೇಡಿಕೆ, ಒಂದೇ ವಾಕ್ಯದಲ್ಲಿ. ಅದರ ಕೆಳಗೆ ಕಾರಣ, ನಾಲ್ಕೈದು ವಾಕ್ಯದಲ್ಲಿ. ಕೊನೆಗೆ ನಿಮ್ಮ ಹೆಸರು ಮತ್ತು ಮೇಲ್. ಭಾಷೆ ತಪ್ಪಿದ್ದರೂ ಪರವಾಗಿಲ್ಲ, ಅನುವಾದದ ಆ್ಯಪ್ ಬಳಸಿದರೂ ಪರವಾಗಿಲ್ಲ. ಜರ್ಮನ್ ಬಲ್ಲ ಒಬ್ಬರು ಒಮ್ಮೆ ಓದಲಿ. ಇಂಗ್ಲಿಷ್‌ನಲ್ಲಿ ಬರೆದರೆ ಓದುವವರು ಓದುತ್ತಾರೆ, ಆದರೆ ಪ್ರಸ್ತಾಪ ಜರ್ಮನ್‌ನಲ್ಲೇ ಆಗಬೇಕು. ಆ ಅನುವಾದದ ಹೊರೆ ಸದಸ್ಯರ ಮೇಲೆ ಬಿದ್ದರೆ ನಿಮ್ಮ ಕಾಗದ ರಾಶಿಯ ಕೆಳಗೆ ಹೋಗುತ್ತದೆ.

ಬೇಡಿಕೆಯ ಪದಗಳ ಬಗ್ಗೆ ಒಂದು ಮಾತು. ಪಾರ್ಲಿಸ್‌ನಲ್ಲಿ "ಪ್ರ್ಯೂಫೆನ್ ಉಂಟ್ ಬೆರಿಷ್ಟೆನ್" ಎಂದು ತುಂಬ ಕಡೆ ಕಾಣುತ್ತದೆ. ಪರಿಶೀಲಿಸಿ ವರದಿ ಕೊಡಿ ಎಂದು ಅರ್ಥ. ಹಾಗೆ ಕೇಳಿದರೆ ಸಿಗುವುದೂ ಅಷ್ಟೇ: ಒಂದು ವರದಿ. ಏನು ಬೇಕೆಂದು ನಿಮಗೆ ಗೊತ್ತಿದ್ದರೆ "ಹಾಕಿಸಿ" ಎಂದೇ ಬರೆಯಿರಿ. ಪರಿಹಾರ ಏನೆಂದು ನಿಮಗೇ ಗೊತ್ತಿಲ್ಲದಿದ್ದರೆ ಮಾತ್ರ ಪರಿಶೀಲನೆ ಕೇಳಿ. ಆಗ ಜೊತೆಗೆ ಓರ್ಟ್ಸ್‌ಟೆರ್ಮೀನ್ ಕೇಳುವುದು ಒಳ್ಳೆಯದು. ಅಂದರೆ ಮಂಡಳಿಯವರು, ಇಲಾಖೆಯವರು ಆ ಜಾಗಕ್ಕೇ ಬಂದು ನೋಡುವುದು. ಕಾಗದದಲ್ಲಿ ವರ್ಷ ಹಿಡಿಯುವುದು ಜಾಗದಲ್ಲಿ ನಿಂತರೆ ಕಾಲು ಗಂಟೆಯಲ್ಲಿ ಅರ್ಥವಾಗುತ್ತದೆ.

ಹಂತ 6: ಸಭೆಗೆ ಮೊದಲೇ ಒಬ್ಬ ಸದಸ್ಯರನ್ನು ಸಂಪರ್ಕಿಸಿ

ನಾಗರಿಕರು ಸಭೆಯಲ್ಲಿ ಮಾತಾಡಬಹುದು. ಆದರೆ ಆಂಟ್ರಾಗ್, ಅಂದರೆ ಮತಕ್ಕೆ ಹಾಕುವ ಪ್ರಸ್ತಾಪ ತರುವುದು ಸದಸ್ಯರು. ಹಾಗಾಗಿ ನಿಮ್ಮ ಅರ್ಧ ಪುಟವನ್ನು ಯಾರಾದರೂ ಎತ್ತಿಕೊಳ್ಳಬೇಕು. ಸಭೆಗೆ ಎರಡು ಮೂರು ವಾರ ಮೊದಲೇ ಕಳಿಸಿ. ಕಾರ್ಯಸೂಚಿ ಮೊದಲೇ ಮುಚ್ಚುತ್ತದೆ. ಹಿಂದಿನ ದಿನ ಕಳಿಸಿದರೆ ಮುಂದಿನ ತಿಂಗಳಿಗೇ ಸರಿ.

ಯಾರಿಗೆ ಕಳಿಸಬೇಕು? ಅಧ್ಯಕ್ಷರಿಗೆ ಒಂದು. ಮಂಡಳಿಯಲ್ಲಿರುವ ಪಕ್ಷಗಳ ಗುಂಪುಗಳಿಗೂ, ಒಬ್ಬೊಬ್ಬರಿಗೆ. ಗುಂಪನ್ನು ಫ್ರಾಕ್ಟ್ಸಿಯೋನ್ ಎನ್ನುತ್ತಾರೆ. ನನ್ನ ಸಲಹೆ: ಒಂದೇ ಪಕ್ಷಕ್ಕೆ ಕಳಿಸಬೇಡಿ. ಎಲ್ಲರಿಗೂ ಕಳಿಸಿ, ಎಲ್ಲರಿಗೂ ಕಳಿಸಿದ್ದೇನೆ ಎಂದು ಅದರಲ್ಲೇ ಹೇಳಿ. ಒಂದು ಪಕ್ಷದ ಕೂಸಾಗಿ ಬಂದ ಪ್ರಸ್ತಾಪಕ್ಕೆ ಇನ್ನೊಂದು ಪಕ್ಷದವರು ತಿದ್ದುಪಡಿ ತರುತ್ತಾರೆ, ಮುಂದೂಡಿ ಎನ್ನುತ್ತಾರೆ. ಸೈಕಲ್ ಕಂಬಿಗೆ ಪಕ್ಷದ ಬಣ್ಣ ಬರಬಾರದು.

ಮಕ್ಕಳ ವಿಷಯವಾದರೆ ಇನ್ನೊಬ್ಬರಿದ್ದಾರೆ: ಕಿಂಡರ್‌ಬೆಔಫ್‌ಟ್ರಾಗ್ಟೆ. ಮಕ್ಕಳ ಪರವಾಗಿ ಮಾತಾಡಲು ಆಯಾ ಬಡಾವಣೆಗೆ ನೇಮಕವಾದ ಸ್ವಯಂಸೇವಕರು. ಶಾಲೆಯ ದಾರಿ, ಆಟದ ಮೈದಾನ ಇವರಿಗೆ ದಿನನಿತ್ಯದ ವಿಷಯ. ಇವರ ಬಗ್ಗೆ ನಮ್ಮವರಲ್ಲಿ ಗೊತ್ತಿರುವವರು ಬಹಳ ಕಡಿಮೆ. ಮೊದಲ ಮೇಲ್ ಇವರಿಗೇ ಬರೆದರೂ ತಪ್ಪಿಲ್ಲ.

ಸಹಿ ಸಂಗ್ರಹಿಸಬೇಕಾ ಎಂದು ಕೇಳುತ್ತೀರಿ. ಕಡ್ಡಾಯವಲ್ಲ. ಆದರೆ ಅದೇ ಬೀದಿಯ ಹತ್ತು ಹದಿನೈದು ಮನೆಯವರ ಸಹಿ ಇದ್ದರೆ ತೂಕ ಬರುತ್ತದೆ. ಎಲ್ಲ ಸಹಿಯೂ ನಮ್ಮವರದ್ದೇ ಆಗಬಾರದು. ಪಕ್ಕದ ಮನೆಯ ಅಜ್ಜಿ, ಮೂಲೆಯ ಬೇಕರಿಯವರು, ಶಾಲೆಯ ಪೋಷಕರ ಪ್ರತಿನಿಧಿ, ಇವರ ಬಾಗಿಲು ತಟ್ಟಿ. ಸಹಿ ಬಂದರೂ ಬಾರದಿದ್ದರೂ ನೆರೆಹೊರೆ ಸಿಗುತ್ತದೆ.

ಹಂತ 7: ಸಭೆಯ ಸಂಜೆ

ಸಭೆ ಸುಮಾರಾಗಿ ತಿಂಗಳಿಗೊಮ್ಮೆ, ಶಾಲಾ ರಜೆಯ ಹೊತ್ತು ಬಿಟ್ಟು. ಸಾಮಾನ್ಯವಾಗಿ ಸಂಜೆ 7 ಅಥವಾ 7.30ಕ್ಕೆ, ಬಡಾವಣೆಯ ಸಮುದಾಯ ಭವನದಲ್ಲೋ ಶಾಲೆಯ ಸಭಾಂಗಣದಲ್ಲೋ ನಡೆಯುತ್ತದೆ. ಜಾಗ ಬದಲಾಗುತ್ತಿರುತ್ತದೆ, ಆದ್ದರಿಂದ ಪ್ರತಿ ಸಲ ಪಾರ್ಲಿಸ್‌ನಲ್ಲಿ ನೋಡಿಕೊಂಡು ಹೋಗಿ. ಸಭೆ ಸಾರ್ವಜನಿಕ. ಬಾಗಿಲಲ್ಲಿ ಯಾರೂ ನಿಮ್ಮ ಪಾಸ್‌ಪೋರ್ಟ್ ಕೇಳುವುದಿಲ್ಲ.

ಶುರುವಿನಲ್ಲೇ ಬ್ಯೂರ್ಗರ್‌ಫ್ರಾಗೆಶ್ಟುಂಡೆ ಇರುತ್ತದೆ. ನಾಗರಿಕರ ಪ್ರಶ್ನೆಗೆ ಮೀಸಲಾದ ಹೊತ್ತು ಅದು. ತಡವಾಗಿ ಹೋದರೆ ಅದೇ ತಪ್ಪಿಹೋಗುತ್ತದೆ. ಹತ್ತು ನಿಮಿಷ ಮೊದಲೇ ಹೋಗಿ ಕುಳಿತುಕೊಳ್ಳಿ. ಮೇಜಿನ ಮೇಲೆ ಕಾರ್ಯಸೂಚಿಯ ಪ್ರತಿ ಇದ್ದರೆ ತೆಗೆದುಕೊಳ್ಳಿ. ಅದರ ಹೆಸರು ಟಾಗೆಸ್‌ಓರ್ಡ್ನುಂಗ್. ಕೈ ಎತ್ತಿ, ಅಧ್ಯಕ್ಷರು ಕರೆದಾಗ ಎದ್ದು ನಿಂತು ಹೇಳಿ.

ಮೊದಲ ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: "ಗೂಟೆನ್ ಆಬೆಂಟ್, ಇಷ್ ವೋನೆ ಇನ್ ಡೇರ್..." ಎಂದು ಶುರು ಮಾಡಿ ಬೀದಿಯ ಹೆಸರು ಹೇಳಿ. ನಮಸ್ಕಾರ, ನಾನು ಇಂಥ ಬೀದಿಯಲ್ಲಿ ಇದ್ದೇನೆ ಎಂದರ್ಥ. ಆಮೇಲೆ ನಿಮ್ಮ ಅರ್ಧ ಪುಟವನ್ನು ಓದಿದರೂ ಸಾಕು. ಎರಡು ಮೂರು ನಿಮಿಷ ಮೀರಬೇಡಿ. ಜರ್ಮನ್ ಬಾರದಿದ್ದರೆ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರು ನಿಮ್ಮ ಪರವಾಗಿ ಓದಲಿ. ನಾನು ಮೊದಲ ಸಲ ನಿಂತಾಗ ಕೈ ನಡುಗುತ್ತಿತ್ತು. ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಎದ್ದು "ನನ್ನ ಮೊಮ್ಮಗನೂ ಅಲ್ಲೇ ದಾಟುತ್ತಾನೆ" ಎಂದರು. ಆ ಒಂದು ಮಾತು ನನ್ನ ಎಲ್ಲ ಫೋಟೋಗಳಿಗಿಂತ ಜಾಸ್ತಿ ಕೆಲಸ ಮಾಡಿತು.

ಸಭೆಯಲ್ಲಿ ಮಾಡಬಾರದ ಕೆಲವು ತಪ್ಪುಗಳಿವೆ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಬೇಡಿ. ಒಬ್ಬ ನೆರೆಯವರ ಹೆಸರು ಹೇಳಿ ದೂರಬೇಡಿ. ಒಂದು ವಿಷಯಕ್ಕೆ ಬಂದವರು ಐದು ವಿಷಯ ಹೇಳಬೇಡಿ, ಐದನ್ನೂ ಮರೆಯುತ್ತಾರೆ. ಯಾರಾದರೂ ವಿರೋಧಿಸಿದರೆ ಸಿಟ್ಟಾಗಬೇಡಿ. ಪಾರ್ಕಿಂಗ್ ಜಾಗ ಹೋಗುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದಕ್ಕೆ ಉತ್ತರ ಸಿದ್ಧವಿರಲಿ: ಆ 5 ಮೀಟರ್‌ನಲ್ಲಿ ಪಾರ್ಕಿಂಗ್ ಯಾವತ್ತೂ ಇರಲಿಲ್ಲ.

ಪ್ರಸ್ತಾಪಗಳ ಮೇಲೆ ಮತ ಹಾಕುವುದು ಆಮೇಲೆ, ಕೆಲವೊಮ್ಮೆ ರಾತ್ರಿ 10ರ ಹೊತ್ತಿಗೆ. ಮಕ್ಕಳು ಮನೆಯಲ್ಲಿದ್ದರೆ ಅಲ್ಲಿಯವರೆಗೆ ಕಾಯಬೇಕಿಲ್ಲ. ಫಲಿತಾಂಶ ಪಾರ್ಲಿಸ್‌ನಲ್ಲಿ ಬರುತ್ತದೆ. "ಐನ್‌ಶ್ಟಿಮ್ಮಿಗ್" ಎಂದಿದ್ದರೆ ಎಲ್ಲರೂ ಒಪ್ಪಿದ್ದಾರೆ ಎಂದರ್ಥ. "ತ್ಸುರ್ಯೂಕ್‌ಗೆಶ್ಟೆಲ್ಟ್" ಎಂದಿದ್ದರೆ ಮುಂದಿನ ಸಭೆಗೆ ಹೋಗಿದೆ, ಬಿದ್ದುಹೋಗಿಲ್ಲ.

ಹಂತ 8: ನಂಬರ್ ಹಿಡಿದು ಬೆನ್ನು ಹತ್ತಿ

ಸಭೆ ಒಪ್ಪಿದ ಮೇಲೆ ನಿಮ್ಮ ಮಾತಿಗೆ ಓಎಂ ನಂಬರ್ ಬರುತ್ತದೆ. ಬರೆದಿಟ್ಟುಕೊಳ್ಳಿ. ಇನ್ನು ಮುಂದೆ ಯಾರ ಹತ್ತಿರ ಮಾತಾಡಿದರೂ ಮೊದಲು ಆ ನಂಬರ್ ಹೇಳಿ.

ಮಾಗಿಸ್ಟ್ರಾಟ್ ಉತ್ತರಕ್ಕೆ ಮೂರು ತಿಂಗಳು ಎಂದು ಲೆಕ್ಕ ಇಟ್ಟುಕೊಳ್ಳಿ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಆ ದಿನ ಪಾರ್ಲಿಸ್ ತೆರೆದು ಎಸ್‌ಟಿ ಬಂದಿದೆಯೇ ನೋಡಿ. ಬಂದಿಲ್ಲವಾದರೆ ಪ್ರಸ್ತಾಪ ತಂದ ಸದಸ್ಯರಿಗೆ ಒಂದು ಸಾಲಿನ ಮೇಲ್: "ಓಎಂ ಇಂಥ ನಂಬರ್, ಉತ್ತರ ಬಂದಿಲ್ಲ, ದಯವಿಟ್ಟು ನೆನಪಿಸುತ್ತೀರಾ?" ಬರೀ ಹದಿನೈದು ದಿನಕ್ಕೆ ಬೇಸರಪಟ್ಟು ಕೋಪದ ಮೇಲ್ ಕಳಿಸುವವರನ್ನೂ ನೋಡಿದ್ದೇನೆ, ಒಂದು ವರ್ಷ ಮರೆತೇ ಬಿಟ್ಟವರನ್ನೂ ನೋಡಿದ್ದೇನೆ. ಎರಡರಿಂದಲೂ ಕೆಲಸ ಕೆಟ್ಟಿದೆ.

ಉತ್ತರ ಓದುವಾಗ ಪದಗಳನ್ನು ಗಮನಿಸಿ. "ಎಂಟ್‌ಶ್ಪ್ರೋಖೆನ್" ಎಂಬ ಪದ ಬಂದು ಅದಕ್ಕೆ ಮೊದಲು "ನಿಷ್ಟ್" (ಇಲ್ಲ ಎಂದರ್ಥ) ಇರದಿದ್ದರೆ ಒಪ್ಪಿದ್ದಾರೆ. ಆದರೂ ಯಾವಾಗ ಮಾಡುತ್ತಾರೆ ಎಂದು ಬರೆದಿದ್ದಾರಾ ನೋಡಿ. ಬರೆಯದಿದ್ದರೆ ಮುಂದಿನ ಪ್ರಶ್ನೆ ಅದೇ.

ಹಂತ 9: ಇಲ್ಲ ಎಂದರೆ

ಹೀಗೂ ಆಗುತ್ತದೆ. ಕಾರಣ ಏನು ಕೊಟ್ಟಿದ್ದಾರೆ ಎನ್ನುವುದರ ಮೇಲೆ ಮುಂದಿನ ದಾರಿ.

ಹಣ ಇಲ್ಲ ಎಂದಿದ್ದರೆ, ಸಣ್ಣ ಕೆಲಸವಾದರೆ ಮಂಡಳಿಯ ಸ್ವಂತ ಹಣದಿಂದ ಮಾಡಿಸಲು ಕೇಳಿ. ದೊಡ್ಡದಾದರೆ ಎಟಾಟ್‌ಆನ್‌ರೇಗುಂಗ್ ಎಂಬುದಿದೆ, ನಗರದ ಬಜೆಟ್‌ನಲ್ಲಿ ಹಣ ಇಡಿ ಎಂಬ ಪ್ರಸ್ತಾಪ. ಅದು ಬಜೆಟ್ ಚರ್ಚೆಯ ಹೊತ್ತಿಗೇ ಆಗಬೇಕು. ಜಾಗ ಸಾಲದು ಎಂದಿದ್ದರೆ ಓರ್ಟ್ಸ್‌ಟೆರ್ಮೀನ್ ಕೇಳಿ, ಅಳತೆ ಟೇಪ್ ಹಿಡಿದು ಹೋಗಿ. ಅಪಾಯ ಕಂಡುಬಂದಿಲ್ಲ ಎಂದಿದ್ದರೆ ಅವರು ಯಾವ ದಿನ, ಯಾವ ಹೊತ್ತು ನೋಡಿದರು ಎಂದು ಮಾಹಿತಿ ಪತ್ರದ ಮೂಲಕ ಕೇಳಿಸಿ. ಬೆಳಿಗ್ಗೆ 11ಕ್ಕೆ ಹೋಗಿ ನೋಡಿದರೆ ಶಾಲೆಯ ಮಕ್ಕಳು ಕಾಣುವುದಿಲ್ಲವಲ್ಲ. ನೀವು ಎಣಿಸಿಟ್ಟ ಬೆಳಗಿನ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮತದ ಹಕ್ಕಿನ ಪ್ರಶ್ನೆ

ಇದನ್ನೂ ತುಂಬ ಜನ ಕೇಳುತ್ತಾರೆ. ಓರ್ಟ್ಸ್‌ಬೈರಾಟ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಜರ್ಮನ್ ಪೌರರಿಗೆ ಮತ್ತು ಇಲ್ಲಿ ವಾಸವಿರುವ ಯುರೋಪಿಯನ್ ಒಕ್ಕೂಟದ ಪೌರರಿಗೆ ಇದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ, ಎಷ್ಟೇ ವರ್ಷ ಇಲ್ಲಿದ್ದರೂ, ಇಲ್ಲ. ಜರ್ಮನ್ ಪೌರತ್ವ ಪಡೆದು ಓಸಿಐ ಕಾರ್ಡ್ ಇಟ್ಟುಕೊಂಡವರು ಹಾಕಬಹುದು, ನಿಲ್ಲಲೂಬಹುದು.

ಹಾಕುವವರಿಗೆ ಒಂದು ಸೂಚನೆ. ಮಂಡಳಿಯಲ್ಲಿ ಎಷ್ಟು ಸ್ಥಾನವೋ ಅಷ್ಟು ಮತ ನಿಮ್ಮ ಕೈಯಲ್ಲಿರುತ್ತದೆ. 19 ಸ್ಥಾನವಿದ್ದರೆ 19 ಮತ. ಒಬ್ಬ ಅಭ್ಯರ್ಥಿಗೆ ಗರಿಷ್ಠ 3 ಮತ ಕೊಡಬಹುದು, ಬೇರೆ ಬೇರೆ ಪಕ್ಷದವರಿಗೆ ಹಂಚಲೂಬಹುದು. ಒಟ್ಟು ಲೆಕ್ಕ ಮೀರಿದರೆ ಮತಪತ್ರ ಕೆಡುವ ಅಪಾಯವಿದೆ, ನಿಧಾನವಾಗಿ ಎಣಿಸಿ. ಈ ಚುನಾವಣೆ 2021ರಲ್ಲಿ ಮಾರ್ಚ್ 14, 2026ರಲ್ಲಿ ಮಾರ್ಚ್ 15ಕ್ಕೆ. ಹೊಸ ಅವಧಿ ಏಪ್ರಿಲ್ 1ರಿಂದ ಶುರು. ಹಾಗಾಗಿ ಹಳೇ ಸದಸ್ಯರ ಪಟ್ಟಿ ನೋಡಿ ಮೇಲ್ ಕಳಿಸಬೇಡಿ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮತ ಇರುವುದು ಇನ್ನೊಂದು ಕಡೆ: ಕಾ-ಆ-ಫೌ. ಫ್ರಾಂಕ್‌ಫರ್ಟ್‌ನ ವಿದೇಶಿ ನಿವಾಸಿಗಳ ಪ್ರತಿನಿಧಿ ಸಭೆ ಅದು, ಅದನ್ನು ನಾವೇ ಆರಿಸುತ್ತೇವೆ. ಅದರ ಪ್ರತಿನಿಧಿಗಳು ಓರ್ಟ್ಸ್‌ಬೈರಾಟ್ ಸಭೆಗಳಲ್ಲಿ ಕೂರುತ್ತಾರೆ, ಮಾತಾಡುತ್ತಾರೆ. ನಿಮ್ಮ ವಲಯಕ್ಕೆ ಬರುವವರು ಯಾರು ಎಂದು ತಿಳಿದುಕೊಂಡು, ಹಂತ 6ರಲ್ಲಿ ಮೇಲ್ ಕಳಿಸುವಾಗ ಅವರ ವಿಳಾಸವನ್ನೂ ಸೇರಿಸಿ.